ನೊರೆ ಬಾರದ ಇಪ್ಪತ್ನಾಲ್ಕು ಬಾಟಲಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು ನಾನು, ವಿಜಯಮಹಾಂತೇಶ. ಸಾವಿರಾರು ಚೀಲ ಮೆಣಸಿನಕಾಯಿ ಬಣ್ಣಗೆಡದಂತೆ ಕಾಯುವುದು ನನ್ನ ಕೆಲಸ. ಹಾಗಾಗಿ ಯಾವ ವಸ್ತುವೇ ಆಗಲಿ, ತಣ್ಣಗಿಟ್ಟರೆ ಸುಧಾರಿಸುತ್ತದೆ ಎಂದು ನಂಬಿದ್ದೆ. ಹೆಂಡತಿ ಜ್ಯೋತಿಲಕ್ಷ್ಮಿ ತಂದ ಬಾಳೆಗೊನೆಯನ್ನು ಒಮ್ಮೆ ಅಲ್ಲಿಟ್ಟು ಪೂರ್ತಿ ಕಪ್ಪು ಮಾಡಿದ್ದೆ. ಆದರೂ ಬುದ್ಧಿ ಬಂದಿರಲಿಲ್ಲ.

2006ರ ಡಿಸೆಂಬರಿನಲ್ಲಿ, ಕುಮಾರಪಟ್ಟಣದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ, ಮನೆಯಲ್ಲೇ ಬಿಯರ್ ತಯಾರಿಸುವ ಸಾಮಾನನ್ನು ನನ್ನ ಗೆಳೆಯ ಸುಭಾಷನಿಗೆ ಕೊಟ್ಟುಹೋದ. ಸುಭಾಷ ಅದನ್ನು ನನಗೆ ದಾಟಿಸಿದ.

"ನೀ ಸೈನ್ಸ್ ಓದಿದಾಂವ. ನಿನಗ ತಿಳಿತೈತಿ."

ನಾನು ಓದಿದ್ದು ಐಟಿಐ. ಆದರೆ ಹೊಗಳಿಕೆಯನ್ನು ತಿದ್ದುವ ಅಭ್ಯಾಸ ನನಗಿಲ್ಲ.

ಸಾಮಾನಿನಲ್ಲಿ ಬಾರ್ಲಿಯ ಪಾಕದ ದೊಡ್ಡ ಡಬ್ಬ, ಬಿರಡೆ ಒತ್ತುವ ಸಲಕರಣೆ ಎಲ್ಲ ಇದ್ದವು. ಯೀಸ್ಟಿನ ಪೊಟ್ಟಣ ಮಾತ್ರ ಹರಿದು ಕೆಟ್ಟಿತ್ತು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಬೇಕರಿ ನಡೆಸುವ ಕುಲ್ಸುಮಬಿಯವರಿಗೆ, "ಮನ್ಯಾಗ ಬ್ರೆಡ್ ಮಾಡಬೇಕಂತ ಮಾಡೇನ್ರಿ" ಎಂದು ಸುಳ್ಳು ಹೇಳಿ ಯೀಸ್ಟ್ ತಂದೆ. ಕೆಲಸದ ಜಾಗದ ಹಿಂದಿನ ಕೋಣೆಯಲ್ಲಿ ಪಾಕ, ನೀರು, ಯೀಸ್ಟ್ ಕಲಸಿ ಬಕೆಟ್ಟಿಗೆ ಹಾಕಿಟ್ಟಾಗ ಹತ್ತು ದಿನ ಚೆನ್ನಾಗಿಯೇ ಬುಸುಗುಟ್ಟಿತು. ಆಮೇಲೆ ಇಪ್ಪತ್ನಾಲ್ಕು ಬಾಟಲಿಗೆ ತುಂಬಿ, ಒಂದೊಂದಕ್ಕೂ ಒಂದು ಚಮಚ ಸಕ್ಕರೆ ಹಾಕಿ ಬಿರಡೆ ಒತ್ತಿದೆ. ಬಿಯರ್ ಅಂದಮೇಲೆ ತಣ್ಣಗಿರಬೇಕಲ್ಲ? ಮೆಣಸಿನಕಾಯಿ ಚೀಲಗಳ ಹಿಂದೆ, ನಾಲ್ಕು ಡಿಗ್ರಿಯಲ್ಲಿ ಸಾಲಾಗಿ ನಿಲ್ಲಿಸಿದೆ.

ಮೂರು ವಾರದ ನಂತರ ಸುಭಾಷನನ್ನು ಕರೆದು, ಸಣ್ಣದೊಂದು ಭಾಷಣ ಮಾಡಿ, ಬಾಟಲಿ ತೆಗೆದೆ. ಸದ್ದೇ ಬರಲಿಲ್ಲ. ಗ್ಲಾಸಿಗೆ ಸುರಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಸುಭಾಷ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಇದು ನಮ್ಮವ್ವ ನೆಗಡಿಗೆ ಮಾಡೋ ಕಷಾಯ ಆಗೇತಲ್ಲೋ."

ನಾನು ಸೋಲೊಪ್ಪಲಿಲ್ಲ. ಮುಂದಿನ ಬಾಟಲಿಗೆ ಗೋಲಿ ಸೋಡಾ ಬೆರೆಸಿದೆ. ಅದರ ಮುಂದಿನದಕ್ಕೆ ಹೊಟ್ಟೆ ಉಬ್ಬರಕ್ಕೆ ತೆಗೆದುಕೊಳ್ಳುವ ನೊರೆಪುಡಿ ಹಾಕಿದೆ. ನೊರೆ ಉಕ್ಕಿ ನನ್ನ ಪ್ಯಾಂಟಿನ ಮೇಲೆಲ್ಲ ಹರಿಯಿತು. ಸುಭಾಷ ಚಪ್ಪಲಿ ಮೆಟ್ಟಿಕೊಂಡು ಹೋದ.

ಬೇರೆ ದಾರಿ ಕಾಣದೆ ಕುಲ್ಸುಮಬಿಯವರ ಬಳಿ ಹೋದೆ. ಅವರೇ ಕೇಳಿದರು: "ಬ್ರೆಡ್ ಉಬ್ಬಿತೇನ್ರಿ?"

"ಇಲ್ರಿ. ಗುಳ್ಳೀನ ಬರವಲ್ದು. ಮೂರು ವಾರ ಆತು."

"ಮೂರು ವಾರ!" ಅವರು ತಕ್ಕಡಿ ಕೆಳಗಿಟ್ಟರು. "ಎಲ್ಲಿಟ್ಟೀರಿ?"

"ನಮ್ಮ ಕೋಲ್ಡ್ ಸ್ಟೋರೇಜಿನಾಗ. ಬರೋಬ್ಬರಿ ನಾಕ್ ಡಿಗ್ರಿ." ಆಗಲೂ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

"ಅಯ್ಯ, ಯೀಸ್ಟಿಗೂ ಜೀವ ಐತ್ರಿ. ಥಂಡಿಗೆ ಮಲಗಿಬಿಡ್ತೈತಿ. ಬೆಚ್ಚಗಿಟ್ಟು ಒಂಚೂರು ಅಲುಗಾಡಿಸ್ರಿ, ಎದ್ದು ತನ್ನ ಕೆಲಸ ಮಾಡ್ತೈತಿ. ಸಕ್ರಿ ಹಾಕೀರಿಲ್ಲೊ?"

"ಹಾಕೇನ್ರಿ. ಬಾಟ್ಲಿಗೆ ಒಂದು ಚಮಚ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕುಲ್ಸುಮಬಿಯವರು ನನ್ನನ್ನೊಮ್ಮೆ ನೋಡಿ, "ಹಂಗಾರ ಹದಿನೈದು ದಿನ ತಡೀರಿ" ಎಂದಷ್ಟೇ ಹೇಳಿ ಬೇರೆ ಗಿರಾಕಿಯತ್ತ ತಿರುಗಿದರು.

ಉಳಿದ ಇಪ್ಪತ್ತೊಂದು ಬಾಟಲಿಗಳನ್ನು ಗೋಣಿಚೀಲದಲ್ಲಿ ತುಂಬಿ ಬಸ್ಸಿನಲ್ಲಿ ಮನೆಗೆ ತಂದೆ. ಬಚ್ಚಲ ಒಲೆಯ ಪಕ್ಕದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ಕಂಬಳಿ ಹೊದಿಸಿದೆ. ದಿನಾ ಬೆಳಿಗ್ಗೆ ಒಂದೊಂದನ್ನೇ ಮೆಲ್ಲಗೆ ತಲೆಕೆಳಗು ಮಾಡಿ, ತಳದ ಗಸಿ ಎದ್ದ ಮೇಲೆ ನೆಟ್ಟಗಿಡುತ್ತಿದ್ದೆ. ಮೂರನೆಯ ದಿನವೇ ಜ್ಯೋತಿಲಕ್ಷ್ಮಿ ಬಾಗಿಲಲ್ಲಿ ಬಂದು ನಿಂತಳು.

"ನನಗ ಜ್ವರ ಬಂದಾಗ ಹಿಂಗ ಕಂಬಳಿ ಹೊಚ್ಚಿದ್ರೇನು?"

ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬಹಳ ಹೊತ್ತು ಬೈದಳು. ಬೈದಾದ ಮೇಲೆ, "ಬಾಗಿಲು ಮುಚ್ಚರಿ, ಥಂಡಿ ಗಾಳಿ ಬರಾಕತ್ತೈತಿ" ಎಂದಳು.

ಹದಿನೈದನೆಯ ದಿನ ಭಾನುವಾರ. ಒಂದೇ ಒಂದು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ಸುಭಾಷನನ್ನು ಬೇಡಿಕೊಂಡು ಕರೆತಂದೆ. ಈ ಸಲ ಭಾಷಣ ಮಾಡದೆ ಬಿರಡೆ ಎಬ್ಬಿಸಿದೆ. ಚುಸ್ ಎಂದಿತು! ಗ್ಲಾಸಿನಲ್ಲಿ ಎರಡು ಬೆರಳು ನೊರೆ ನಿಂತಿತು. ನನಗೆ ಕಣ್ಣಲ್ಲಿ ನೀರೇ ಬಂತು. ಮಗಳು ಹುಟ್ಟಿದ ದಿನ ಹೀಗೆ ಆಗಿರಲಿಲ್ಲ ಎಂಬುದನ್ನು ಮನೆಯಲ್ಲಿ ಹೇಳಿಲ್ಲ.

ಸುಭಾಷ ಕುಡಿದು ತಲೆಯಾಡಿಸಿದ. "ಖರೇನ ಬಿಯರ್ ಐತಲೇ! ಹೆಂಗ್ ಮಾಡಿದಿ?"

"ಯೀಸ್ಟಿಗೂ ಜೀವ ಐತಿ ನೋಡು," ಎಂದು ನಾನು ಶುರುಮಾಡಿದೆ, ಹುಟ್ಟಿದಾಗಿನಿಂದ ಇದನ್ನೆಲ್ಲ ಬಲ್ಲವನಂತೆ. ಶಾಖದ ಮಹತ್ವದ ಬಗ್ಗೆ ಅರ್ಧ ತಾಸು ಮಾತಾಡಿದೆ. ಸುಭಾಷ ತನ್ನ ಗ್ಲಾಸು ಮುಗಿಸಿ ನನ್ನದಕ್ಕೂ ಕೈ ಹಾಕಿದ.

ಅಡುಗೆಮನೆಯಿಂದ ಜ್ಯೋತಿಲಕ್ಷ್ಮಿ ಮಿರ್ಚಿ ಬಜ್ಜಿ ತಂದಿಟ್ಟು, "ಮಾತು ಸಾಕು, ಲಗೂ ಕುಡೀರಿ" ಎಂದಳು.

ಗ್ಲಾಸನ್ನು ಅವನ ಕೈಯಿಂದ ಕಿತ್ತುಕೊಂಡು ಕುಡಿದೆ. ರುಚಿ ಸುಮಾರಾಗಿತ್ತು.