ಜಯಕ್ಕ ಕೈಗಿಟ್ಟ ಕಾಯಿ

ತಿಪಟೂರಲ್ಲಿ ಕೊಬ್ಬರಿ ಮಂಡಿ ನಡೆಸುವ ಜಯಕ್ಕನಿಗೆ ಎರಡು ಫೋನು, ಉಸಿರಾಡಲೂ ಪುರುಸೊತ್ತಿಲ್ಲ. ಸಹಾಯಕರು ಬೇಕೆಂದಾಗ ಮೂವರು ಬಂದರು. ಅಟ್ಟದಿಂದ ಇಳಿಸಿದ ಕಾಯೊಂದನ್ನು ಅವರ ಕೈಗಿಟ್ಟು, "ಒಣಗಿ ಕೊಬ್ಬರಿಯಾಗೈತೆ, ಸುಲಿಸೋಣ್ವಾ?" ಎಂದಳು.

ಬಿ.ಕಾಂ. ಓದಿದವನು ಕಾಯಿ ನೋಡದೆಯೇ "ಹೂಂ ಮೇಡಂ" ಎಂದ. ಟೈಪಿಂಗ್ ಕಲಿತವನು "ನೀವು ಹೇಳಿದ್ಮೇಲೆ ಮುಗೀತು" ಎಂದ. ಹೂಂಗುಟ್ಟೋರು ಮಂಡಿ ತುಂಬ ಇದ್ದಾರೆ, ಇನ್ನಿಬ್ಬರು ಯಾಕೆ ಎಂದು ಜಯಕ್ಕನಿಗೆ ರೇಗಿತು.

ದಂಡಿನಶಿವರದ ವನಿತಾ ಮಾತ್ರ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. "ಒಳಗೆ ಇನ್ನೂ ನೀರೈತೆ ಕಣಕ್ಕ. ಅಟ್ಟಕ್ಕೇ ಹಾಕ್ಸಿ."

"ಇವತ್ತೇ ಸೇರ್ಕೊ" ಎಂದಳು ಜಯಕ್ಕ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಜಯಕ್ಕ ಕೈ ಚಾಚುವ ಮೊದಲೇ ವನಿತಾ ಎತ್ತಿದಳು. "ಅಕ್ಕ ಊಟಕ್ಕೆ ಕೂತವ್ರೆ ಕಣ್ರೀ, ಅರ್ಧ ಗಂಟೆ ಬುಟ್ಟು ಮಾಡಿ."

ಗಂಟೆ ಮೂರಾಗಿತ್ತು. ಹುಡುಗಿಯ ಮಾತು ಸುಳ್ಳಾಗಬಾರದೆಂದು ಜಯಕ್ಕ ಊಟದ ಡಬ್ಬಿ ಬಿಚ್ಚಿದಳು.