ಹನ್ನೆರಡನೇ ನಿಯಮ

"ಕೆಲಸದವರು ಜಗಳ ಆಡಿದ್ರೆ ಏನ್ ಮಾಡ್ತೀರಿ ಮೇಡಂ?" ವಕೀಲರು ಪೆನ್ನು ಎತ್ತಿ ಹಿಡಿದು ಕೇಳಿದರು.

"ಇಬ್ರನ್ನೂ ಎದುರುಬದುರು ನಿಲ್ಲಿಸಿ ದೊಡ್ಡ ಶೀಟ್ ಮಡಚೋಕೆ ಹಾಕ್ತೀನಿ. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು. ನೂರು ಶೀಟ್ ಮುಗಿಯೋ ಹೊತ್ತಿಗೆ ತಾವಾಗೇ ಮಾತು ಶುರು ಮಾಡಿರ್ತಾರೆ."

ವಕೀಲರು ನಗಲಿಲ್ಲ. 'ಶಿಸ್ತುಕ್ರಮ' ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋದರು.

ಆಸ್ಪತ್ರೆಗಳ ಹಾಸುಹೊದಿಕೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ ಅದು. ಗಂಡ ತೀರಿಕೊಂಡ ವರ್ಷ ಯಜಮಾನಿ ತನ್ನ ನಾದಿನಿಯನ್ನು, ಅಂದರೆ ಗಂಡನ ತಂಗಿಯನ್ನು, ಜೊತೆಗೆ ಕಟ್ಟಿಕೊಂಡು ಒಂದು ಶೆಡ್ಡಿನಲ್ಲಿ ಶುರುಮಾಡಿದ್ದು. ಹದಿನೆಂಟು ವರ್ಷ ಒಂದೇ ಒಂದು ನಿಯಮ ಬರೆದಿಡದೆ ನಡೆದುಹೋಯಿತು. ಅವಳ ಬಾಯಿಮಾತೇ ಕಾನೂನು. ಈಗ ಹನ್ನೊಂದು ಜನ ಕೆಲಸದವರಿಗೆ ನಿಯಮದ ಪುಸ್ತಕ ಬೇಕೆಂದು ವಕೀಲರನ್ನು ಹಿಡಿದದ್ದು ಹುಮ್ಮಸ್ಸಿನಿಂದೇನಲ್ಲ. ಮೂರು ವಾರದ ಹಿಂದೆ ನಾದಿನಿಯ ಬಲಗೈ ಇಸ್ತ್ರಿ ರೋಲರಿಗೆ ಸಿಕ್ಕಿ ನಾಲ್ಕು ಬೆರಳು ಹೋಗಿದ್ದವು. ಸೋಮವಾರ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರುವವರಿದ್ದರು.

"ಬೆರಳು ತಾಗಿದ್ರೆ ಮಷೀನ್ ನಿಲ್ಲೋ ಹಾಗೆ ರೋಲರ್ ಮುಂದೆ ಗಾರ್ಡ್ ಇದೆ," ಎಂದರು ವಕೀಲರು. "ಅದನ್ನ ಬಟ್ಟೆ ಚೂರಲ್ಲಿ ಮೇಲಕ್ಕೆ ಕಟ್ಟಿರೋದು ಅಪಘಾತದ ದಿನದ ಫೋಟೋದಲ್ಲಿ ಕಾಣುತ್ತೆ. ಹಾಗೆ ಕಟ್ಟೋದನ್ನ ಯಾರು ಹೇಳಿಕೊಟ್ರು? ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಏನಿತ್ತು? ಒದ್ದೆ ಶೀಟಿನ ದಪ್ಪ ಅಂಚು ಗಾರ್ಡಿಗೆ ತಾಗಿದರೂ ಸಾಕು, ಮಷೀನು ನಿಲ್ಲುತ್ತಿತ್ತು. ಮೊದಲ ವರ್ಷ ಎರಡು ಆಸ್ಪತ್ರೆಯ ಲೋಡು ಒಟ್ಟಿಗೆ ಬಂದ ದಿನ ತಲೆಕೆಟ್ಟು, ಹಳೇ ಶೀಟಿನಿಂದ ಒಂದು ಪಟ್ಟಿ ಹರಿದು ಗಾರ್ಡನ್ನು ಎತ್ತಿ ಕಟ್ಟಿದವಳು ಯಜಮಾನಿಯೇ. ಹೊರಗಿನವರು ಯಾರಾದರೂ ನೋಡಲು ಬಂದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. "ಅತ್ತಿಗೆ, ನೀವು ಇಂಜಿನಿಯರ್ ಆಗ್ಬೇಕಿತ್ತು ನೋಡಿ," ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನದ ಪಾಠ ಆ ಗಂಟೇ ಆಗಿತ್ತು.

"ಅವರವರೇ ಕಟ್ಕೋತಾರೆ," ಎಂದಳು ಯಜಮಾನಿ.

ವಕೀಲರು ತಲೆಯಾಡಿಸಿದರು. ಹನ್ನೆರಡನೇ ನಿಯಮ ಹುಟ್ಟಿದ್ದು ಹೀಗೆ: ಗಾರ್ಡ್ ಕಟ್ಟಕೂಡದು, ಕಟ್ಟಿದವರೇ ಅದಕ್ಕೆ ಹೊಣೆ. ಕೊನೆಯ ಪುಟಕ್ಕೆ ಇನ್ನೊಂದು ಸಾಲು: 'ಈ ನಿಯಮಗಳನ್ನು ಕೆಲಸಕ್ಕೆ ಸೇರಿದ ದಿನವೇ ನನಗೆ ಬಾಯಿಮಾತಿನಲ್ಲಿ ತಿಳಿಸಲಾಗಿದೆ.' ಅದರ ಕೆಳಗೆ ಎಲ್ಲರ ಸಹಿ.

"ಮುಖ್ಯವಾಗಿ ಬೆರಳು ಹೋದ ಆ ಹೆಂಗಸಿನ ಸಹಿ," ಎಂದರು. "ಅದಿಲ್ಲ ಅಂದ್ರೆ ಲೈಸೆನ್ಸ್ ಹೋಯ್ತು ಅಂತ್ಲೇ ಇಟ್ಕೊಳ್ಳಿ."

"ಅವಳಿಗೆ ಪರಿಹಾರ?"

"ಸಹಿ ಹಾಕಿದ್ಮೇಲೆ ಎಲ್ಲಿಂದ ಬರುತ್ತೆ? ನೀವಾಗಿ ಏನಾದ್ರೂ ಕೊಟ್ರೆ ಅದು ನಿಮ್ಮ ದೊಡ್ಡತನ."

ಶನಿವಾರ ಬೆಳಿಗ್ಗೆ ನಾದಿನಿ ತಾನೇ ಬಂದಳು. ಬ್ಯಾಂಡೇಜು ಸುತ್ತಿದ ಕೈ ಕೊರಳಿನಿಂದ ಜೋತುಬಿದ್ದಿತ್ತು. ವಕೀಲರು ಕೂತಿದ್ದ ಕುರ್ಚಿಯಲ್ಲೇ ಕೂತು, ಪಕ್ಕದ ಶೆಡ್ಡಿನ ಸದ್ದಿಗೆ ಕಿವಿಗೊಟ್ಟಳು. ರೋಲರು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

"ಏನತ್ತಿಗೆ, ಮಷೀನು ಮುದುಕನ ಹಾಗೆ ಕೆಮ್ತಿದೆ?"

"ಗಾರ್ಡ್ ಇಳಿಸಿದೀವಿ."

"ಹೂಂ." ಮೇಜಿನ ಮೇಲಿದ್ದ ಪುಸ್ತಕವನ್ನು ಎಡಗೈಯಿಂದ ಅತ್ತಿಗೆಯ ಕಡೆಗೇ ತಳ್ಳಿದಳು. "ನೀವೇ ಓದಿ. ಕನ್ನಡಕದ ಡಬ್ಬಿ ತೆಗೆಯೋಕೆ ಒಂದು ಕೈ ಸಾಲಲ್ಲ."

ಯಜಮಾನಿ ಓದಿದಳು. ರಜೆ, ತಡವಾಗಿ ಬರುವುದು, ಫೋನು, ಎಲ್ಲವನ್ನೂ ಗಟ್ಟಿಯಾಗಿಯೇ ಓದಿದಳು. ಹನ್ನೆರಡನ್ನು ಬೇಗಬೇಗ ಓದಿದಳು. ಕೊನೆಯ ಸಾಲನ್ನು ತಲೆ ಎತ್ತದೆ ಓದಿ ಮುಗಿಸಿದಳು. ಅಷ್ಟು ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಗಾರ್ಡ್ ಕಟ್ಟೋಕೆ ಯಾರು ಕಲಿಸಿದ್ರು ಅಂತ ಬರೆದಿಲ್ವಾ?" ಎಂದಳು ನಾದಿನಿ.

"ಇಲ್ಲ."

"ಆವತ್ತು ಕಟ್ಟಿದ್ದಂತೂ ನಾನೇ. ಅದು ಸುಳ್ಳಲ್ಲ." ಕೊನೆಯ ಪುಟದ ಮೇಲೆ ಎಡಗೈ ಇಟ್ಟು, "ಸಹಿ ಹಾಕದಿದ್ರೆ?" ಎಂದಳು.

"ಬಾಗಿಲು ಮುಚ್ಚುತ್ತೆ. ಹನ್ನೊಂದು ಜನ..."

"ಹಾಕಿದ್ರೆ ನನಗೆ ಏನೂ ಬರಲ್ಲ."

"ನಾನಿದೀನಲ್ಲ," ಎಂದಳು ಯಜಮಾನಿ. ದಾರಿಯಲ್ಲಿ ಸಿಕ್ಕವರಿಗೆ 'ಒಂದಿನ ಮನೆಗೆ ಬನ್ನಿ' ಎಂದ ಹಾಗಿತ್ತು ಆ ಮಾತು. ಅವಳಿಗೂ ಗೊತ್ತಾಯಿತು.

ನಾದಿನಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಹೌದು, ನೀವಿದೀರಿ," ಎಂದು ಎಡಗೈಗೆ ಪೆನ್ನು ತೆಗೆದುಕೊಂಡಳು. ಪೆನ್ನು ಊರಿದರೆ ಹಾಳೆ ಜಾರುತ್ತಿತ್ತು. ಎರಡು ಸಲ ಜಾರಿತು.

"ಹಿಡ್ಕೊಳ್ಳಿ ಅತ್ತಿಗೆ. ಒಬ್ಬಳ ಕೈಲಿ ಆಗಲ್ಲ."

ಯಜಮಾನಿ ಎರಡೂ ಅಂಗೈ ಊರಿ ಹಾಳೆಯನ್ನು ಒತ್ತಿ ಹಿಡಿದಳು. ಅಕ್ಷರಗಳು ಒಂದೊಂದಾಗಿ, ಸೊಟ್ಟಸೊಟ್ಟಗೆ, ಅವಳ ಹತ್ತು ಬೆರಳುಗಳ ನಡುವೆ ಬಂದು ಕೂತವು. ಬರೆದು ಮುಗಿಸಿದ ನಾದಿನಿ ಪೆನ್ನನ್ನು ಮೇಜಿನ ಮೇಲಿಟ್ಟು, ಶೆಡ್ಡಿನ ಕಡೆ ತಿರುಗದೆ ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಈಗ ರೋಲರ್ ನೋಡಿಕೊಳ್ಳುತ್ತಿದ್ದ ಹೆಂಗಸು ಬಾಗಿಲಲ್ಲಿ ಇಣುಕಿದಳು. "ಅಕ್ಕ, ಹೀಗೆ ನಿಂತು ನಿಂತು ಹೋದ್ರೆ ಸಂಜೆಗೆ ಲೋಡ್ ಕಳ್ಸೋಕಾಗಲ್ಲ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಏನ್ ಮಾಡ್ಲಿ?"

ಯಜಮಾನಿ ಪುಸ್ತಕದ ಇನ್ನೊಂದು ಪ್ರತಿಯನ್ನು ಅವಳ ಕಡೆ ಚಾಚಿದಳು. "ಇದನ್ನ ಎಲ್ರಿಗೂ ಕಾಣೋ ಹಾಗೆ ಗೋಡೆಗೆ ನೇತುಹಾಕು."

ಹೆಂಗಸು ಉತ್ತರಕ್ಕಾಗಿ ಇನ್ನೂ ಸ್ವಲ್ಪ ನಿಂತಳು. ಆಮೇಲೆ ಪುಸ್ತಕ ತೆಗೆದುಕೊಂಡು ಹೋದಳು.

ಗೋಡೆಗೆ ಮೊಳೆ ಹೊಡೆದ ಸದ್ದು ಕೇಳಿಸಿತು. ರೋಲರು ಒಮ್ಮೆ ನಿಂತಿತು, ಓಡಿತು, ಮತ್ತೆ ನಿಂತಿತು. ಆ ಮೌನದಲ್ಲಿ ಪರ್ರನೆ ಬಟ್ಟೆ ಹರಿದದ್ದು ಇಲ್ಲಿಯವರೆಗೂ ಕೇಳಿತು. ಮೇಜಿನ ಮೇಲೆ ಮತ್ತೆ ಊರಿದ್ದ ಅಂಗೈಗಳನ್ನು ಯಜಮಾನಿ ಎತ್ತಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿನವರೆಗೆ ರೋಲರು ಒಂದು ಸಲವೂ ನಿಲ್ಲದೆ ಓಡಿತು.