ಮೊದಲು ಬಂದ ಕೈ

ಶಿಲುಬೆಯ ಕೋಲಿಗೆ ಅಣ್ಣ ಜುಜೆ ಕೈ ಹಾಕುವ ಮೊದಲೇ ಮಿಂಗೇಲ ಅದನ್ನು ಹಿಡಿದುಕೊಂಡ. ಜುಜೆಯೂ ಹಿಡಿದ; ಇಬ್ಬರೂ ಬಿಡಲಿಲ್ಲ. ಅಂಗಳದಲ್ಲಿ ಅಜ್ಜಿ ನತಾಲಳ ಶವಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಕಿರವತ್ತಿ ಹತ್ತಿರದ ಸಿದ್ದಿ ಕೇರಿಯವರೆಲ್ಲ ಹೊರಡಲು ಎದ್ದು ನಿಂತಿದ್ದರು. ಆ ಮನೆತನದಲ್ಲಿ ಹಿರಿಯ ಮಗ ಶಿಲುಬೆ ಹಿಡಿದು ಮುಂದೆ ನಡೆಯುತ್ತಾನೆ, ಉಳಿದವರು ಹೆಗಲು ಕೊಡುತ್ತಾರೆ. ನತಾಲಳಿಗೆ ಗಂಡುಮಕ್ಕಳಿರಲಿಲ್ಲ. ಮಗಳು ಹೆರಿಗೆಯಲ್ಲೇ ಸತ್ತಿದ್ದಳು; ಅವಳು ಹೆತ್ತ ಈ ಅವಳಿಗಳೇ ನತಾಲಳ ಮಕ್ಕಳು.

“ಬಿಡೋ, ದೊಡ್ಡವ ನಾನು,” ಎಂದ ಜುಜೆ.

“ನಲವತ್ತು ವರ್ಷ ಇದೇ ಮಾತು ಕೇಳೀನಿ. ಇವತ್ತೂ ಅದೇನಾ? ಹಾಸಿಗಿ ಹಿಡಿದಾಗ ಆಕೀ ಕಾಲು ತಿಕ್ಕಿದಾವ ನಾನು.”

“ಒಂದು ಬಟ್ಟಲು ಬೇಳೆಸಾರು ತರ್ರಿ,” ಹಿಂದಿನಿಂದ ಪಕ್ಕದ ಮನೆಯ ಪೆದ್ರು ಹೇಳಿದ. “ಜುಜೆ ಉಂಡು ಬಿಟ್ಟುಕೊಡ್ತಾನ.”

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

*

ಬೇಳೆಸಾರಿನ ಕತೆಯನ್ನು ಕೇರಿಗೆ ಹೇಳಿದವಳೇ ನತಾಲ. ಸೂಲಗಿತ್ತಿ, ಓದು ಬಾರದು. ಚರ್ಚಿನಲ್ಲಿ ಕೇಳಿದ್ದನ್ನು ಮೊಮ್ಮಕ್ಕಳಿಗೆ ಎಣ್ಣೆ ತಿಕ್ಕುತ್ತ ಹೇಳುವಳು. ಹಸಿದ ಏಸಾವ ತಮ್ಮ ಯಾಕೋಬನಿಗೆ ಹಿರಿತನ ಮಾರಿ ಬೇಳೆಸಾರು ಉಂಡದ್ದು. ಹಿರಿಯ ಇಸ್ಮಾಯೇಲನನ್ನು ಬಿಟ್ಟು ಕಿರಿಯ ಇಸಾಕನಲ್ಲಿ ವಂಶ ಮುಂದುವರಿದದ್ದು. ಯಾಕೋಬನ ಮಗ ಯೂದನಿಗೆ ಹುಟ್ಟಿದ ಅವಳಿಗಳ ಕತೆಯೊಂದನ್ನು ಮಾತ್ರ ಅವಳು ಎಂದೂ ಹೇಳಲಿಲ್ಲ.

“ದೇವ್ರಿಗೆ ದೊಡ್ಡ ಮಕ್ಕಳನ್ನ ಕಂಡ್ರ ಆಗೂದಿಲ್ಲೇನಜ್ಜಿ?” ಸಣ್ಣ ಮಿಂಗೇಲ ಆಸೆಯಿಂದ ಕೇಳಿದ್ದ.

“ದೇವ್ರು ವಯಸ್ಸು ಕೇಳಂಗಿಲ್ಲೋ. ಯೇಸೂನ್ನ ಯಾರ ವಂಶದಾಗ ಹುಟ್ಟಸಬೇಕೋ ಅವಗ ಗೊತ್ತು. ತಲಿ ಬಗ್ಗಸು.”

“ನಮ್ಮಿಬ್ಬರಾಗ ಖರೇ ಯಾರು ಮೊದಲು?”

ಅವಳು ಅವನ ತಲೆಗೆ ನೀರು ಸುರಿದಳು.

ಜ್ಞಾನಸ್ನಾನದ ದಿನ ಜೋರಾಗಿ ಅತ್ತ ಕೂಸನ್ನು ಮೊದಲು ಎತ್ತಿಕೊಂಡಿದ್ದರು. ಜುಜೆ ಅಂದಿನಿಂದ ಅಣ್ಣ.

*

“ದೊಡ್ಡವರು ಯಾರು ಹೇಳಿ, ಹೊತ್ತಾಯಿತು,” ಎಂದರು ಫಾದರ್.

“ನನ್ನ ಕೇಳ್ರಿ.” ಪೆಟ್ಟಿಗೆಯ ಪಕ್ಕದಿಂದ ನತಾಲಳ ಗೆಳತಿ, ಮುದುಕಿ ದ್ಯಾವಮ್ಮ ಎದ್ದಳು. “ಇವರು ಹುಟ್ಟಿದ ರಾತ್ರಿ ಚಿಮಣಿ ದೀಪ ಹಿಡಿದಾಕಿ ನಾನು. ಮೊದಲು ಒಂದು ಕೈ ಬಂತು. ನಿಮ್ಮ ಯೂದನ ಅವಳಿಗಳಾಗ ಮೊದಲು ಬಂದ ಕೈಗೆ ಕಟ್ಟಿದ್ರಂತಲ್ಲ, ಹಂಗ ನತಾಲ ಆ ಕೈಗೆ ಕೆಂಪು ದಾರ ಕಟ್ಟಿದ್ಲು. ಕೈ ಒಳಗ ಹೋತು. ದಾರ ಇಲ್ಲದ್ದು ಮೊದಲು ಹುಟ್ಟಿತು.”

“ದಾರ ಇದ್ದದ್ದು ಯಾರಿಗೆ?” ಮಿಂಗೇಲನ ಹಿಡಿತ ಬಿಗಿಯಾಯಿತು.

“ತಡೀ. ಎರಡನೇದು ಬರೂವಾಗ ನಿಮ್ಮವ್ವ ಹೋದ್ಲು. ನತಾಲ ಅಳಲಿಲ್ಲ. ದಾರ ಕಡಿದು ಒಲಿಗೆ ಹಾಕಿದ್ಲು. ‘ತಾಯಿನ್ನ ತಿಂದು ಹುಟ್ಟಿದಾವ ಇವ ಅಂತ ನಾಳೆ ಊರು ಬೆರಳು ಮಾಡತೈತಿ. ನಾನೂ ನೋಡಿಲ್ಲ, ನೀನೂ ನೋಡಿಲ್ಲ, ದ್ಯಾವಿ’ ಅಂದ್ಲು.”

“ಆದ್ರ ನೀ ನೋಡೀಯಲ್ಲ?”

“ನೋಡೀನಿ. ಹೇಳಲೇನು?”

ಮಿಂಗೇಲ ಅಣ್ಣನ ಮುಖ ನೋಡಿದ. ಜುಜೆ ದ್ಯಾವಮ್ಮನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ.

“ಬ್ಯಾಡಬೇ,” ಎಂದ ಮಿಂಗೇಲ. “ದೊಡ್ಡವ ಅವನೇ.”

ಕೋಲು ಬಿಟ್ಟು ಹೋಗಿ ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ.

ಫಾದರ್ ಹಿಂದಿನಿಂದ ಪ್ರಾರ್ಥನೆ ಹೇಳುತ್ತ ನಡೆದರು. ಜುಜೆ ಶಿಲುಬೆ ಹಿಡಿದು ಮೊದಲು ಬಹಳ ಮುಂದಿದ್ದ. ಆಮೇಲೆ ಅವನ ಹೆಜ್ಜೆ ಸಣ್ಣದಾಗುತ್ತ ಬಂತು. ಹೆದ್ದಾರಿಯಲ್ಲಿ ಎರಡೂ ಕಡೆಯ ಲಾರಿಗಳು ನಿಂತುಕೊಂಡವು. ರಸ್ತೆ ದಾಟುವ ಹೊತ್ತಿಗೆ ಅವನು ಮಿಂಗೇಲನ ಪಕ್ಕಕ್ಕೇ ಬಂದಿದ್ದ. ಪೆಟ್ಟಿಗೆಯ ಮುಂದೆ ಯಾರೂ ಇರಲಿಲ್ಲ.